ಮುಚ್ಚಳದ ಒಳಗಿನ ನಕ್ಷೆ

ಓದುಗರ ಪತ್ರ: "ನನ್ನ ಮೊಮ್ಮಗ ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಕಬ್ಬಿನ ಗದ್ದೆಯ ತೇವ ಅಳೆಯುವ ಸಾಧನ ಮಾಡಿದ್ದಾನೆ. ಸರ್ಕಾರದ ಸಹಾಯಧನವೂ ಬಂದಿದೆ. ಈಗ ಅದರ ನಕ್ಷೆ, ಬಿಡಿಭಾಗಗಳ ಪಟ್ಟಿ ಎಲ್ಲವನ್ನೂ ಊರಿಗೆಲ್ಲ ಹಂಚುತ್ತೇನೆ ಅನ್ನುತ್ತಾನೆ. ಯಾರೋ ಕಾಪಿ ಹೊಡೆದು ದುಡ್ಡು ಮಾಡಿಕೊಂಡರೆ? ಜನರ ದುಡ್ಡು ಹೀಗೆ ಪೋಲಾಗಬೇಕೇ? ಪೇಟೆಂಟ್ ಮಾಡಿಸು ಅಂದರೆ ಕೇಳುತ್ತಿಲ್ಲ. ನೀವಾದರೂ ಬುದ್ಧಿ ಹೇಳಿ."
– ನಿವೃತ್ತ ಶಿಕ್ಷಕರೊಬ್ಬರು, ಶ್ರೀರಂಗಪಟ್ಟಣ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಭಯ ಸುಳ್ಳಲ್ಲ. ಕಾಪಿ ಹೊಡೆಯುವವರು ಇದ್ದೇ ಇದ್ದಾರೆ. ನಿದ್ದೆಗೆಟ್ಟು ಮಾಡಿದ ಕೆಲಸಕ್ಕೆ ಹುಡುಗನಿಗೆ ನಾಲ್ಕು ಕಾಸು ಸಿಗಬೇಕು ಅನ್ನೋದೂ ನ್ಯಾಯವೇ. ಅಷ್ಟು ಒಪ್ಪಿದೆ. ಆದರೆ ಬುದ್ಧಿ ಹೇಳಿ ಅಂದಿದ್ದೀರಲ್ಲ, ಅದನ್ನು ನಿಮಗೇ ಹೇಳಬೇಕಾಗಿದೆ. ಬೇಜಾರು ಮಾಡಿಕೊಳ್ಳಬೇಡಿ.

ಪಾಂಡವಪುರದ ಹತ್ತಿರ ನಮ್ಮ ಭಾವನ ಗದ್ದೆ ಇದೆ. ಬೋರ್‌ವೆಲ್ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದರು. ಮನೆಯಿಂದಲೇ ಫೋನ್ ಮಾಡಿದರೆ ಮೋಟಾರ್ ಆನ್ ಆಗುವಂಥದ್ದು. ಒಂದು ದಿನ ಸಿಡಿಲು ಬಡಿದು ಅದು ಸುಟ್ಟಿತು. ಭತ್ತದ ಒಟ್ಲು ಹಾಕಿದ್ದ ಸಮಯ. ಅದನ್ನು ಹಿಡಿದುಕೊಂಡು ಮಂಡ್ಯದ ಒಬ್ಬ ರಿಪೇರಿಯವರ ಅಂಗಡಿಗೆ ಹೋದೆವು. ಅವರು ಡಬ್ಬ ಬಿಚ್ಚಿದರು. ಒಳಗಿನ ಬೋರ್ಡಿನ ಮೇಲೆ ಕಪ್ಪು ಅಂಟು ಸುರಿದು ಗಟ್ಟಿ ಮಾಡಿದ್ದರು. ಅಂಟಿನಿಂದ ಹೊರಗೆ ಉಳಿದಿದ್ದ ಒಂದೇ ಒಂದು ಚಿಪ್‌ನ ನಂಬರನ್ನೂ ಉಜ್ಜಿ ಅಳಿಸಿದ್ದರು. "ಅಣ್ಣ, ಇದಕ್ಕೆ ಕೈ ಹಾಕಕ್ಕಾಗಲ್ಲ, ಹೊಸದು ತಗೊಳ್ಳಿ" ಅಂದರು. ಮೂವತ್ತು ವರ್ಷ ಕೈ ಪಳಗಿದ ಮನುಷ್ಯ, ಹೇಳುವಾಗ ಅವರ ಮುಖ ನೋಡಬೇಕಿತ್ತು.

ಅದೇ ಅಂಗಡಿಯ ಮೂಲೆಯಲ್ಲಿ ಹಳೇ ಕಬ್ಬಿಣದ ಸ್ಟಾರ್ಟರ್ ಒಂದಿತ್ತು. ಅದರ ಮುಚ್ಚಳ ತೆಗೆದು ತೋರಿಸಿದರು. ಒಳಮೈಗೆ ಒಂದು ಹಳದಿ ತಿರುಗಿದ ಕಾಗದ ಅಂಟಿಸಿತ್ತು. ಯಾವ ವೈರ್ ಎಲ್ಲಿಗೆ ಹೋಗಬೇಕು ಅನ್ನೋ ಪೂರ್ತಿ ನಕ್ಷೆ. ಮಾಡಿದ ಕಂಪನಿಯವರೇ ಅಂಟಿಸಿದ್ದು! ಅದನ್ನು ನೋಡಿಕೊಂಡೇ ನಾನು ಕೆಲಸ ಕಲಿತೆ ಅಂದರು. ಮೇಷ್ಟ್ರೇ, ಓಪನ್ ಹಾರ್ಡ್‌ವೇರ್ ಅಂದರೆ ಆ ಕಾಗದವೇ. ನಿಮ್ಮ ಮೊಮ್ಮಗ ಅಂಟಿಸೋಕೆ ಹೊರಟಿರುವುದೂ ಅದನ್ನೇ.

ಜನರ ದುಡ್ಡು ಪೋಲಾಗುತ್ತೆ ಅಂದಿರಿ. ನಿಮ್ಮ ಪಕ್ಕದಲ್ಲೇ ಇರುವ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ ನೋಡಿ. ಅಲ್ಲಿ ಜನರ ದುಡ್ಡಲ್ಲೇ ಭತ್ತದ ತಳಿ ಬೆಳೆಸುತ್ತಾರೆ. ರೈತ ಆ ಬೀಜ ಎತ್ತಿಡುತ್ತಾನೆ, ಪಕ್ಕದ ಮನೆಗೆ ಕೊಡುತ್ತಾನೆ. ಬ್ರ್ಯಾಂಡ್ ಹಾಕದೆ ಮಾರಲೂ 2001ರ ಸಸ್ಯ ತಳಿ ಮತ್ತು ರೈತರ ಹಕ್ಕುಗಳ ಕಾಯ್ದೆ ಅವನಿಗೆ ಹಕ್ಕು ಕೊಟ್ಟಿದೆ. ಇದನ್ನು ಯಾರೂ ಕಾಪಿ ಅನ್ನಲ್ಲ. ಬೀಜಕ್ಕೆ ಸಲ್ಲುವ ನ್ಯಾಯ ಸರ್ಕ್ಯೂಟಿಗೆ ಯಾಕೆ ಸಲ್ಲಬಾರದು?

ಕಾಪಿ ಹೊಡೆಯುವವರಿಗೂ ಮದ್ದಿದೆ. ಜಿನೀವಾದ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ 2011ರಲ್ಲೇ ಹಾರ್ಡ್‌ವೇರಿಗೆ ಅಂತ ಒಂದು ಮುಕ್ತ ಪರವಾನಗಿ ಬರೆಯಿತು. ಅಂದರೆ ಯಾರು ಬೇಕಾದರೂ ನಕ್ಷೆ ಬಳಸಿ, ತಿದ್ದಿ, ಹಂಚಬಹುದು ಅನ್ನೋ ಕರಾರು. 2020ರಲ್ಲಿ ಅದನ್ನು ಮೂರು ಬಗೆ ಮಾಡಿದರು. ಅದರಲ್ಲಿ ಬಿಗಿಯಾದದ್ದನ್ನು ಹಾಕಿದರೆ, ನಕ್ಷೆಯನ್ನು ತಿದ್ದಿ ಸಾಧನ ಮಾಡಿ ಮಾರುವವನು ತಾನು ತಿದ್ದಿದ್ದನ್ನೂ ಅದೇ ಪರವಾನಗಿಯಲ್ಲಿ ಹಂಚಬೇಕು. ತಗೊಂಡವನು ಕೊಡಲೇಬೇಕು. ನಮ್ಮ ಕಡೆಯ ಮುಯ್ಯಾಳಿನ ಹಾಗೆ. ಇವತ್ತು ನಿನ್ನ ಗದ್ದೆ ನಾಟಿಗೆ ನಾನು ಬಂದರೆ ನಾಳೆ ನನ್ನದಕ್ಕೆ ನೀನು ಬಾ. ಸರ್ನ್ ನಡೆಯುವುದೂ ಹಲವು ದೇಶಗಳ ತೆರಿಗೆ ಹಣದಲ್ಲೇ. 2017ರಿಂದ ಭಾರತವೂ ಅದರ ಸಹ ಸದಸ್ಯ, ನಮ್ಮ ಪಾಲೂ ಅಲ್ಲಿಗೆ ಹೋಗುತ್ತೆ. ಮದ್ರಾಸ್ ಐಐಟಿಯವರು ಕೇಂದ್ರ ಸರ್ಕಾರದ ನೆರವಿನಲ್ಲಿ ಮಾಡಿದ 'ಶಕ್ತಿ' ಪ್ರೊಸೆಸರಿನ (ಕಂಪ್ಯೂಟರಿನ ಮಿದುಳಿನಂಥ ಚಿಪ್) ವಿನ್ಯಾಸವೂ ಮುಕ್ತವಾಗಿದೆ. ನಿಮ್ಮ ಹುಡುಗ ಹಿಡಿದಿರುವುದು ಹುಚ್ಚು ದಾರಿ ಅಲ್ಲ.

ಹಂಚಿದರೆ ಏನು ವಾಪಸ್ ಬರುತ್ತೆ ಅನ್ನೋದಕ್ಕೆ ತೇವದ ಸಾಧನವನ್ನೇ ತಗೊಳ್ಳೋಣ. ಎರಡು ಕಡ್ಡಿ ಚುಚ್ಚಿ ಕರೆಂಟ್ ಹಾಯಿಸುವ ಅಗ್ಗದ ಸೆನ್ಸರ್ ಹಸಿ ಮಣ್ಣಿನಲ್ಲಿ ಕೆಲವೇ ವಾರದಲ್ಲಿ ಸವೆದುಹೋಗುತ್ತೆ. ಅದಕ್ಕೇ ಲೋಹ ಮಣ್ಣಿಗೆ ತಾಗದ ಕೆಪ್ಯಾಸಿಟಿವ್ ಸೆನ್ಸರ್ ಬಂತು. ಅದರಲ್ಲೂ ಬೋರ್ಡಿನ ಕತ್ತರಿಸಿದ ಅಂಚಿನಿಂದ ನೀರು ಒಳಗಿಳಿದು ಅಳತೆ ತಪ್ಪುತ್ತೆ. ಬಳಸಿದವರು ಉಪಾಯ ಕಂಡುಕೊಂಡರು, ಅಂಚಿಗೆ ನೇಲ್ ಪಾಲಿಷ್ ಬಳಿದರು. ಕಾಲೇಜಿನ ಲ್ಯಾಬಿನಲ್ಲಿ ಕೂತು ಇದು ಹೊಳೆಯಲ್ಲ. ಕೆಸರಲ್ಲಿ ಚುಚ್ಚಿದವನಿಗೆ ಹೊಳೆಯುತ್ತೆ. ನಕ್ಷೆ ಬಚ್ಚಿಟ್ಟರೆ ಮದ್ದೂರಿನ ರೈತ ಕಂಡದ್ದು ನಿಮ್ಮ ಮೊಮ್ಮಗನಿಗೆ ತಲುಪೋದು ಹೇಗೆ?

ನನಗೆ ಸಿಟ್ಟು ಬರೋದು ಬೇರೆ ಕಡೆ. ನಮ್ಮಲ್ಲಿ ಸಹಾಯಧನ ಇಲ್ಲ ಅಂತಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಎಷ್ಟೋ ವರ್ಷದಿಂದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ನೆರವು ಕೊಡುತ್ತಾ ಬಂದಿದೆ, ಒಳ್ಳೇ ಕೆಲಸ. ಆಮೇಲಿನ ಕಥೆ ಕೇಳಿ. ನಮ್ಮ ಕಡೆಯ ಒಂದು ಕಾಲೇಜಿನ ಸ್ಟೋರ್ ರೂಮನ್ನು ನಾನೇ ನೋಡಿದ್ದೇನೆ. ಕಬ್ಬಿನ ಸೋಗೆ ಕತ್ತರಿಸುವ ಯಂತ್ರ, ಆಲೆಮನೆ ಒಲೆಯ ಶಾಖ ಅಳೆಯುವ ಡಬ್ಬ, ಎಲ್ಲ ಧೂಳು ತಿನ್ನುತ್ತಿವೆ. ಮಾಡಿದ ಹುಡುಗರು ಬೆಂಗಳೂರು ಸೇರಿ ಆಯಿತು. ನಕ್ಷೆ ಎಲ್ಲಿ ಅಂತ ಕೇಳಿದೆ, ಯಾರಿಗೂ ಗೊತ್ತಿಲ್ಲ. ಖರ್ಚಿನ ಸರ್ಟಿಫಿಕೇಟ್ ಮಾತ್ರ ಫೈಲಿನಲ್ಲಿ ಜೋಪಾನವಾಗಿತ್ತು. ದುಡ್ಡು ಪೋಲಾಗೋದು ಅಂದರೆ ಇದು, ಮೇಷ್ಟ್ರೇ.

ನೆದರ್ಲೆಂಡ್ಸ್‌ನ ಎನ್‌ಎಲ್‌ನೆಟ್ ಅನ್ನೋ ಪ್ರತಿಷ್ಠಾನದ ಕ್ರಮ ನನಗೆ ಹಿಡಿಸಿತು. ಮುಕ್ತ ತಂತ್ರಜ್ಞಾನ ಮಾಡುವವರಿಗೆ ಯುರೋಪಿಯನ್ ಕಮಿಷನ್ ಹಣದಿಂದ ಮೊದಲ ಸಲಕ್ಕೆ 5,000ದಿಂದ 50,000 ಯೂರೋವರೆಗೆ ಕೊಡುತ್ತಾ ಬಂದಿದ್ದಾರೆ. ಕೆಲಸವನ್ನು ತುಂಡು ತುಂಡಾಗಿ ಒಪ್ಪಿಕೊಳ್ಳಬೇಕು. ಒಂದು ತುಂಡು ಮುಗಿಸಿ ತೋರಿಸಿದರೆ ಅದರ ಹಣ. ಆದದ್ದೆಲ್ಲ ಮುಕ್ತ ಪರವಾನಗಿಯಲ್ಲಿ ಹೊರಗೆ ಬರಲೇಬೇಕು. ನಮ್ಮ ಸಹಾಯಧನದ ಕಾಗದದಲ್ಲೂ ಈ ಒಂದು ಸಾಲು ಸೇರಿಸಿದರೆ ಸಾಕು. ಜೊತೆಗೆ ನಕ್ಷೆಯನ್ನು ಕನ್ನಡದಲ್ಲಿ ವಿವರಿಸಿ ಬರೆಯೋದಕ್ಕೂ, ಎರಡನೇ ವರ್ಷ ಕೆಟ್ಟದ್ದನ್ನು ತಿದ್ದೋದಕ್ಕೂ ಸ್ವಲ್ಪ ಹಣ ತೆಗೆದಿಡಲಿ. ಹೊಸದು ಮಾಡೋದಕ್ಕೆ ಹಾರ ಹಾಕುತ್ತೇವೆ, ಇರೋದನ್ನು ನೋಡಿಕೊಳ್ಳುವವನಿಗೆ ಒಂದು ಕಪ್ ಕಾಫಿನೂ ಇಲ್ಲ.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನೀವು. ಪಾಠ ಕಾಪಿ ಆಗುತ್ತೆ ಅಂತ ಒಂದು ದಿನವಾದರೂ ಬೋರ್ಡ್ ಅಳಿಸಿದ್ದೀರಾ? ಮೊಮ್ಮಗನಿಗೆ ಹೇಳಿ, ನಕ್ಷೆ, ಬಿಡಿಭಾಗಗಳ ಪಟ್ಟಿ, ಎಲ್ಲೆಲ್ಲಿ ಕೆಟ್ಟಿತು ಅನ್ನೋ ವಿವರ, ಎಲ್ಲ ಕಳಿಸಲಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಇಟ್ಟಿದ್ದೇನೆ. ಒಂದು ಪ್ರತಿ ಮಂಡ್ಯದ ಆ ರಿಪೇರಿ ಅಂಗಡಿಗೆ ನಾನೇ ಕೊಟ್ಟು ಬರುತ್ತೇನೆ.