ಓದುಗರ ಪ್ರಶ್ನೆ: ಡಿಎನ್‌ಎ ಹೊಂದಿತು, ನೆಂಟಸ್ತಿಕೆ ಸಿಗಲಿಲ್ಲ

ಪ್ರಶ್ನೆ: ಡಿಎನ್‌ಎ ಪರೀಕ್ಷೆಯಲ್ಲಿ ಕುಮಟಾದ ಒಬ್ಬರ ಜೊತೆ ನನಗೆ 6 ತುಣುಕು, ಒಟ್ಟು 66 ಸೆಂಟಿಮಾರ್ಗನ್ (ಡಿಎನ್‌ಎ ತುಣುಕಿನ ಉದ್ದದ ಅಳತೆ) ಹೊಂದಿವೆ. ಅತಿ ಉದ್ದದ್ದು 15. ಇಬ್ಬರ ಮುತ್ತಜ್ಜನ ಅಪ್ಪ-ಅಮ್ಮ ಒಬ್ಬರೇ ಎನ್ನುತ್ತದೆ ವರದಿ. ವಂಶಾವಳಿಯಲ್ಲಿ ಅಂಥ ಸಂಬಂಧವಿಲ್ಲ. ನಮ್ಮಲ್ಲಿ ಹೆಣ್ಣು ಕೊಡುವುದು-ತರುವುದು ಇದೇ ಸೀಮೆಯೊಳಗೆ.
– ಓದುಗರು, ಶಿರಸಿ

ಉತ್ತರ: ವರದಿ ಒಟ್ಟು ಮೊತ್ತವನ್ನಷ್ಟೇ ನೋಡಿದೆ. ನೀವು ಒಂದೊಂದು ತುಣುಕಿನ ಉದ್ದ ನೋಡಿ.

ಪ್ರತಿ ತಲೆಮಾರಿನಲ್ಲೂ ಕ್ರೋಮೋಸೋಮು (ಡಿಎನ್‌ಎಯ ಉದ್ದನೆಯ ಎಳೆ) ತುಂಡಾಗಿ ಬೆರೆಯುತ್ತದೆ; 100 ಸೆಂಟಿಮಾರ್ಗನ್‌ಗೆ ಸರಾಸರಿ ಒಂದು ಕಡಿತ. ನಿಮ್ಮಿಂದ ಆ ಹಿರಿಯರಿಗೆ 4 ಮೆಟ್ಟಿಲು, ಅಲ್ಲಿಂದ ಕುಮಟಾದವರಿಗೆ 4. ಒಟ್ಟು 8 ಆದ್ದರಿಂದ ತುಣುಕಿನ ಸರಾಸರಿ ಉದ್ದ 100/8, ಅಂದರೆ 12.5. ನಿಮ್ಮದು 66/6, ಅಂದರೆ 11, ಹತ್ತಿರವೇ ಇದೆಯಲ್ಲ ಅನಿಸುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಪರೀಕ್ಷೆಯವರು ಸಾಮಾನ್ಯವಾಗಿ 7ಕ್ಕಿಂತ ಚಿಕ್ಕ ತುಣುಕುಗಳನ್ನು ಬಿಟ್ಟುಬಿಡುತ್ತಾರೆ. ಉದ್ದಗಳು ಘಾತೀಯ ಹಂಚಿಕೆಯಲ್ಲಿರುವುದರಿಂದ (ಚಿಕ್ಕವು ಹೆಚ್ಚು, ಉದ್ದ ಹೆಚ್ಚಿದಂತೆ ಸಂಖ್ಯೆ ಒಂದೇ ಪ್ರಮಾಣದಲ್ಲಿ ಇಳಿಯುತ್ತದೆ), ಉಳಿದವುಗಳ ಸರಾಸರಿಯಿಂದ ಆ 7ನ್ನು ಕಳೆದೇ ಲೆಕ್ಕ ಹಾಕಬೇಕು. 11ರಲ್ಲಿ 7 ಕಳೆದರೆ 4. 100/4 ಎಂದರೆ 25 ಮೆಟ್ಟಿಲು, ಎರಡೂ ಕಡೆ ಸುಮಾರು 12 ತಲೆಮಾರು. ಆರೇ ತುಣುಕಿನ ಲೆಕ್ಕವಾದ್ದರಿಂದ ಶೇ. 40ರಷ್ಟು ಏರುಪೇರು ಇದ್ದದ್ದೇ, ಆದರೂ 8ಕ್ಕೆ ಇಳಿಯುವುದು ಕಷ್ಟ. ವರದಿ ಹೇಳಿದ ನೆಂಟಸ್ತಿಕೆ ನಿಜವಾಗಿದ್ದರೆ 7ರ ಮೇಲಿನ ತುಣುಕು ಎರಡೋ ಮೂರೋ ಇದ್ದು, ಸರಾಸರಿ 19–20 (12.5ಕ್ಕೆ 7 ಕೂಡಿಸಿ) ಬರಬೇಕಿತ್ತು.

12 ತಲೆಮಾರಿನ ಹಿಂದಿನ ಒಂದೇ ದಂಪತಿಯಿಂದ ಒಂದು ತುಣುಕಾದರೂ ಇಬ್ಬರಲ್ಲೂ ಉಳಿಯುವ ಸಂಭವ 10,000ಕ್ಕೆ 2. ನಿಮಗೆ ಆರು ಸಿಕ್ಕಿವೆಯೆಂದರೆ ಅವು ಹಲವು ಹಿರಿಯರಿಂದ ಬಂದವು. ಅಷ್ಟು ಹಿಂದೆ ಪ್ರತಿಯೊಬ್ಬರಿಗೂ ಹಿರಿಯರ 4,096 ಸ್ಥಾನ. ಸೀಮೆಯೊಳಗೇ ಮದುವೆ ನಡೆದಾಗ ಅದೇ ವ್ಯಕ್ತಿಗಳು ಎರಡೂ ಮನೆಗಳ ಎಷ್ಟೋ ಸ್ಥಾನಗಳಲ್ಲಿ ಬರುತ್ತಾರೆ.

ಒಂದು ಎಚ್ಚರಿಕೆ. ಎರಡು ತುಣುಕು ಒಂದೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ, ನಡುವೆ ಸಣ್ಣ ಸಂದು ಬಿಟ್ಟು ಇವೆಯೇ ನೋಡಿ. ಪರೀಕ್ಷೆಯಲ್ಲಿ ಡಿಎನ್‌ಎ ಓದುವಾಗಿನ ತಪ್ಪಿನಿಂದ ಉದ್ದದ್ದೊಂದು ಎರಡಾಗಿದ್ದರೆ ಮೇಲಿನ ಲೆಕ್ಕವೇ ಬದಲಾಗುತ್ತದೆ. ತಂದೆ-ತಾಯಿಯನ್ನೂ ಪರೀಕ್ಷೆ ಮಾಡಿಸಿದ್ದರೆ ಇನ್ನೂ ಒಳ್ಳೆಯದು: ನಿಮ್ಮಲ್ಲಿ ಕಂಡು ಅವರಿಬ್ಬರಲ್ಲೂ ಕಾಣದ ತುಣುಕು ಸುಳ್ಳು, ತೆಗೆದುಹಾಕಿ.

ಪ್ರಶ್ನೆ: ಐದು ತಲೆಮಾರಿನ ಹಿಂದಿನ ದಂಪತಿ ನನಗೂ ನನ್ನ ದೂರದ ನೆಂಟರೊಬ್ಬರಿಗೂ ಮೂಲ. ದಾಖಲೆ ಇದೆ, ಆದರೆ ಡಿಎನ್‌ಎ ಹೊಂದಲಿಲ್ಲ.
– ಓದುಗರು, ಕಾರವಾರ

ಉತ್ತರ: ದಾಖಲೆಯನ್ನು ಅನುಮಾನಿಸಬೇಡಿ. ಇಂಥ ನಾಲ್ಕು ಜೋಡಿಯಲ್ಲಿ ಸುಮಾರು ಒಂದಕ್ಕೆ ಯಾವ ತುಣುಕೂ ಉಳಿದಿರುವುದಿಲ್ಲ. 7ರ ಮಿತಿ ಇಟ್ಟರೆ ಅರ್ಧದಷ್ಟು ಜೋಡಿಗಳು ಪಟ್ಟಿಗೇ ಬರುವುದಿಲ್ಲ. ಆ ಹಿರಿಯರ ಕಡೆಯಿಂದ ಬಂದ ನಿಮ್ಮ ತಂದೆ ಅಥವಾ ತಾಯಿ, ಹಾಗೆಯೇ ಆ ನೆಂಟರ ತಂದೆ ಅಥವಾ ತಾಯಿ ಇದ್ದರೆ ಅವರನ್ನು ಪರೀಕ್ಷೆ ಮಾಡಿಸಿ. ಮೆಟ್ಟಿಲು 10ರಿಂದ 8ಕ್ಕೆ ಇಳಿದರೆ, ಮಿತಿ ದಾಟುವ ತುಣುಕಿನ ನಿರೀಕ್ಷೆ 0.7ರಿಂದ 2.7ಕ್ಕೆ ಏರುತ್ತದೆ.