ಜ್ವಾಲಾಮುಖಿ ಸಿಡಿದ್ರೆ ದೂರದಲ್ಲಿರೋ ಮನೆಗಳೂ ಯಾಕೆ ಬೀಳ್ತವೆ?

ಲಾವಾ ಬಂದು ಸುಡುತ್ತೆ ಅಂತ ಎಲ್ರೂ ಅಂದ್ಕೊಳ್ತಾರೆ, ಆದ್ರೆ ಅದು ಹತ್ರದ ಊರುಗಳಿಗಷ್ಟೇ, ದೂರದ ಮನೆ ಬೀಳ್ಸೋದು ಬೂದಿ. ಒಲೆ ಬೂದಿ ತರ ಹಗುರ ಅಲ್ಲ ಇದು, ಪುಡಿಯಾದ ಕಲ್ಲು, ಗಾಜು, ನೆನೆದ್ರಂತೂ 10 ಸೆಂ.ಮೀ. ಕೂತ್ರೂ ಒಂದು ಚದರ ಮೀಟರ್‌ಗೆ 100 ಕೆಜಿ ಮೇಲೇ ಭಾರ. 1991ರ ಜೂನ್ 15ಕ್ಕೆ ಫಿಲಿಪೀನ್ಸ್‌ನ ಪಿನಾಟುಬೊ ಸಿಡೀತಲ್ಲ, ಗ್ರಹಚಾರ ನೋಡಿ, ಅದೇ ದಿನ ಯೂನ್ಯಾ ಚಂಡಮಾರುತನೂ ಬಂತು, ಮಳೆ ನೀರು ಕುಡಿದ ಬೂದಿ ತಡ್ಕೊಳ್ಳಕ್ಕಾಗ್ದೆ ಚಾವಣಿಗಳು ಕುಸಿದ್ವು, ಆಗ ಸತ್ತೋರಲ್ಲಿ ಹೆಚ್ಚಿನವ್ರು ಅದರಡಿ ಸಿಕ್ಕಿದವ್ರೇ. ಚಪ್ಪಟೆ, ಅಗಲದ ಚಾವಣಿಗೆ ಅಪಾಯ ಜಾಸ್ತಿ, ಕಡಿದಾದ ಇಳಿಜಾರಿದ್ರೆ ಸ್ವಲ್ಪ ಜಾರಿ ಹೋಗುತ್ತೆ. ಆಮೇಲೂ ವರ್ಷಗಟ್ಲೆ ಮಳೆ ಬಂದಾಗೆಲ್ಲ ಬೂದಿ ಕೆಸರಾಗಿ ಹರೀತು, 1995ರಲ್ಲಿ ಅಲ್ಲಿನ ಬಾಕೊಲೋರ್ ಅನ್ನೋ ಊರಿನ ಹಳೇ ಚರ್ಚು ಅರ್ಧ ಹೂತೇ ಹೋಯ್ತು, ಈಗ ಜನ ಒಳಗೆ ಹೋಗೋದು ಮೊದ್ಲು ಕಿಟಕಿ ಇದ್ದ ಜಾಗದಿಂದ.