ಸುಕ್ಕು ಅಳಿಸಬೇಕೆ?

ಪ್ರಶ್ನೆ: ನಾನು ಸ್ಟುಡಿಯೊ ನಡೆಸುತ್ತೇನೆ. ಗ್ರಾಹಕರೊಬ್ಬರ ವಯಸ್ಸಾದ ತಾಯಿಯ ಭಾವಚಿತ್ರ ತೆಗೆದೆ. ಬಹಳ ಚೆನ್ನಾಗಿ ಬಂದಿದ್ದ ಆ ಚಿತ್ರವನ್ನು ಮೊಬೈಲಿನಲ್ಲಿ ನೋಡಿದ ಮಗ, ‘ಸುಕ್ಕುಗಳನ್ನೆಲ್ಲ ಅಳಿಸಿಕೊಡಿ’ ಎಂದಾಗ ಮನಸ್ಸಿಗೆ ನೋವಾಯಿತು. ತೆಗೆದ ಚಿತ್ರವನ್ನು ಇಷ್ಟೊಂದು ಹಚ್ಚಿಕೊಳ್ಳುವುದು ತಪ್ಪೆ?
– ಓದುಗರೊಬ್ಬರು, ತುಮಕೂರು

ಉತ್ತರ: ಖಂಡಿತ ತಪ್ಪಲ್ಲ. ಆದರೆ ಆ ಅಕ್ಕರೆ ಚಿತ್ರದ ಮೇಲಿದೆಯೋ, ಚಿತ್ರದಲ್ಲಿರುವವರ ಮೇಲಿದೆಯೋ ಎಂಬುದನ್ನು ಒಮ್ಮೆ ಯೋಚಿಸಿ.

1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಛಾಯಾಗ್ರಾಹಕಿ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಅವರಿಗೆ ಮಗಳು ಮತ್ತು ಅಳಿಯ ಕ್ಯಾಮೆರಾ ಉಡುಗೊರೆ ಕೊಟ್ಟಾಗ 48 ವರ್ಷ. ಇಂಗ್ಲೆಂಡಿನ ವೈಟ್ ದ್ವೀಪದ ಮನೆಯಲ್ಲಿ ಕೋಳಿಗೂಡನ್ನೇ ಸ್ಟುಡಿಯೊ ಮಾಡಿಕೊಂಡ ಅವರಿಗೆ, 1864ರ ಜನವರಿಯಲ್ಲಿ ಆನಿ ಎಂಬ ಬಾಲಕಿಯ ಚಿತ್ರ ಮೊದಲ ಬಾರಿಗೆ ಮನಸ್ಸಿಗೆ ಒಪ್ಪುವಂತೆ ಮೂಡಿಬಂತು. ಆಗ ಅವರು ಆ ಮಗುವಿಗೆ ಏನಾದರೂ ಕೊಡಬೇಕೆಂದು ಮನೆಯೆಲ್ಲ ಹುಡುಕಾಡಿದರು. ಇಡೀ ಚಿತ್ರವನ್ನು ಮಾಡಿದ್ದು ಆ ಮಗುವೇ ಅನ್ನಿಸಿತು ಎಂದು 1874ರಲ್ಲಿ ಬರೆದುಕೊಂಡರು. ಛಾಯಾಗ್ರಾಹಕರ ಪ್ರೀತಿ ಹೀಗೆ ಎದುರಿಗೆ ಕುಳಿತವರ ಕಡೆಗೆ ಹರಿಯುವುದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. 1867ರಲ್ಲಿ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ಅವರ ಚಿತ್ರ ತೆಗೆಯುವಾಗ, ಬೆಳ್ಳಿಗೂದಲಿಗೆ ಬೆಳಕು ಹಿಡಿಯಲೆಂದು ತಲೆ ತೊಳೆದುಕೊಳ್ಳಲು ಹೇಳಿದ ಕ್ಯಾಮರಾನ್, ಹಣೆಯ ಮತ್ತು ಕಣ್ಣಿನ ಕೆಳಗಿನ ಸುಕ್ಕುಗಳನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟರು. ಮೂವತ್ತು ವರ್ಷಗಳ ಸ್ನೇಹವಿದ್ದುದರಿಂದಲೇ ಅಂತಹ ಸಲಿಗೆ ಸಾಧ್ಯವಾಯಿತು.

ನಿಮ್ಮ ಗ್ರಾಹಕರಿಗೆ ನಿಮ್ಮೊಂದಿಗೆ ಆ ಸಲಿಗೆ ಇನ್ನೂ ಬಂದಿಲ್ಲ. ಅವರ ನೆನಪಿನಲ್ಲಿರುವುದು ತನ್ನನ್ನು ಎತ್ತಿ ಆಡಿಸಿದ ಕಾಲದ ತಾಯಿಯ ಮುಖವೂ ಇರಬಹುದು. ಆ ಮಾತನ್ನು ನಿಮ್ಮ ಕೆಲಸಕ್ಕೆ ಆದ ಅವಮಾನವೆಂದು ತಿಳಿಯಬೇಡಿ. ಮೊಬೈಲಿನಲ್ಲಿ ಬೆರಳಿನಿಂದ ಹಿಗ್ಗಿಸಿ ನೋಡಿದಾಗ ಪ್ರತಿಯೊಂದು ಗೆರೆಯೂ ಎದ್ದು ಕಾಣುತ್ತದೆ, ಅದೇ ಚಿತ್ರವನ್ನು ಪ್ರಿಂಟ್ ಹಾಕಿಸಿ ನಾಲ್ಕು ಅಡಿ ದೂರದಿಂದ ನೋಡಿದಾಗ ಮೊದಲು ಕಾಣುವುದು ಕಣ್ಣು. ಆದ್ದರಿಂದ ಮೊದಲು ಒಂದು ಪ್ರಿಂಟ್ ತೋರಿಸಿ. ಸಾಧ್ಯವಾದರೆ ಕಿಟಕಿಯ ಮೃದುವಾದ ಬೆಳಕಿನಲ್ಲಿ ಮತ್ತೊಮ್ಮೆ ತೆಗೆಯಿರಿ, ಅಳಿಸದೆಯೇ ಗೆರೆಗಳು ತಗ್ಗುತ್ತವೆ. ಮುಖ್ಯವಾಗಿ, ಆ ತಾಯಿಗೆ ಯಾವುದು ಇಷ್ಟವೆಂದು ಅವರನ್ನೇ ಕೇಳಿ. ನಿಮ್ಮ ಪತ್ರದಲ್ಲಿ ಅವರ ಅಭಿಪ್ರಾಯವೇ ಇಲ್ಲ. ತಿದ್ದಿದ್ದೇ ಬೇಕೆಂದು ಅವರೂ ಹೇಳಿದರೆ ಬೇಸರಿಸದೆ ತಿದ್ದಿಕೊಡಿ, ತಿದ್ದದ ಪ್ರತಿಯನ್ನು ಅವರ ಒಪ್ಪಿಗೆ ಪಡೆದು ನೀವು ಇಟ್ಟುಕೊಳ್ಳಿ.